ಮುಂಜಗಲಿಯ ನೆಲಕ್ಕೆ ಕಾಂಪೋಸಿಟ್ ಹಲಗೆ: ಜಂತೆಯಿಂದ ಹೊಸ್ತಿಲವರೆಗೆ

ನಮ್ಮ ಮನೆ ನ್ಯೂಜೆರ್ಸಿಯ ಹಳೆಯ ಬಡಾವಣೆಯೊಂದರಲ್ಲಿದೆ. 1920ರ ದಶಕದಲ್ಲಿ ಕಟ್ಟಿದ ಆ ಮನೆಯ ಮುಂಬಾಗಿಲ ಎದುರು 14 ಅಡಿ ಅಗಲ, ಏಳೂವರೆ ಅಡಿ ಆಳದ ಪೋರ್ಚ್, ಅಂದರೆ ಮುಂಜಗಲಿ ಇದೆ. ಮೇಲೆ ಮಾಡು, ಮುಂದೆ ಮೂರು ಕಂಬ, ಕೆಳಗೆ ಬೂದುಬಣ್ಣ ಬಳಿದ ಫರ್ ಮರದ ನೆಲ. ಮನೆ ಕೊಂಡ ನಾಲ್ಕನೆಯ ವರ್ಷ ಮೆಟ್ಟಿಲ ಪಕ್ಕದ ಹಲಗೆಯ ತುದಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿದಾಗ ಅದು ಹಿಡಿಯವರೆಗೂ ಸಲೀಸಾಗಿ ಇಳಿಯಿತು. ಮೇಲಿನ ಬಣ್ಣದ ಪೊರೆಯೊಂದೇ ಗಟ್ಟಿಯಾಗಿತ್ತು. ಒಳಗಿನ ಮರ ನೆನೆದ ಬೆಲ್ಲದಂತೆ ಪುಡಿಯಾಗುತ್ತಿತ್ತು. ಆ ನೆಲವನ್ನು ಪೂರ್ತಿ ಬಿಚ್ಚಿ, ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಮಾಡಿದ ಕಾಂಪೋಸಿಟ್ ಹಲಗೆ ಹಾಸಿದ ಅನುಭವವನ್ನು ಆಧಾರವಾಗಿಟ್ಟುಕೊಂಡು, ಅಮೆರಿಕದಲ್ಲಿ ಇಂಥ ಮನೆಗಳನ್ನು ಕೊಂಡಿರುವ ಕನ್ನಡಿಗರಿಗಾಗಿ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ. ಅಲ್ಲಿಯ ಮರದಂಗಡಿಗಳ ರೂಢಿಯಂತೆ ಅಳತೆಗಳೆಲ್ಲ ಅಡಿ ಮತ್ತು ಇಂಚಿನಲ್ಲಿವೆ.

ಒಂದು ಮಾತನ್ನು ಮೊದಲೇ ಹೇಳಬೇಕು. ಹಲಗೆ ಹಾಸುವ ಕೆಲಸ ಎರಡು ದಿನದ್ದು. ಅದರ ಕೆಳಗಿನ ಕೆಲಸ ಎರಡು ವಾರದ್ದು. ಕಾಂಪೋಸಿಟ್ ಹಲಗೆ ಕೊಳೆಯುವುದಿಲ್ಲ ಎಂಬ ಭರವಸೆಯ ಮೇಲೆ ನೆಲವನ್ನು ಹೊತ್ತ, ಕೊಳೆಯುತ್ತಿರುವ ಜಂತೆಗಳ ಮೇಲೆಯೇ ಅದನ್ನು ಹೊಡೆದರೆ, ಹತ್ತು ವರ್ಷಗಳ ನಂತರ ಹೊಸದರಂತೆ ಕಾಣುವ ನೆಲವನ್ನೇ ಕಿತ್ತು ಹಾಕಬೇಕಾಗುತ್ತದೆ.

ಪೋರ್ಚ್ ಬೇರೆ, ಡೆಕ್ ಬೇರೆ

ಅಂಗಡಿಯಲ್ಲಿ ಸಿಗುವ ಕಾಂಪೋಸಿಟ್ ಹಲಗೆಗಳಲ್ಲಿ ಬಹುಪಾಲು ಹಿತ್ತಲಿನ ಡೆಕ್ಕನ್ನು, ಅಂದರೆ ಮೇಲೆ ಮಾಡು ಇಲ್ಲದ ಹಲಗೆಯ ಜಗಲಿಯನ್ನು, ಮನಸ್ಸಿನಲ್ಲಿಟ್ಟು ಮಾಡಿದವು. ಡೆಕ್ಕಿನಲ್ಲಿ ಜಂತೆಗಳು ಮನೆಯ ಗೋಡೆಗೆ ಲಂಬವಾಗಿ ಹೊರಚಾಚುತ್ತವೆ, ಹಲಗೆಗಳು ಗೋಡೆಗೆ ಸಮಾನಾಂತರವಾಗಿ ಕೂರುತ್ತವೆ, ಮಳೆನೀರು ಹಲಗೆಗಳ ನಡುವಿನ ಸಂದಿಯಿಂದ ಕೆಳಗೆ ಸೋರಿಹೋಗುತ್ತದೆ. ಹಳೆಯ ಮುಂಜಗಲಿಯ ರಚನೆ ಇದಕ್ಕೆ ತದ್ವಿರುದ್ಧ. ಅಲ್ಲಿ ಗೋಡೆಯಿಂದ ಮುಂದಿನ ಕಂಬಗಳತ್ತ ದಪ್ಪ ತೊಲೆಗಳು ಬರುತ್ತವೆ. ಆ ತೊಲೆಗಳ ನಡುವೆ ಜಂತೆಗಳು, ಅಂದರೆ ಇಲ್ಲಿಯವರು ಜಾಯಿಸ್ಟ್ ಎನ್ನುವವು, ಗೋಡೆಗೆ ಸಮಾನಾಂತರವಾಗಿ ಓಡುತ್ತವೆ. ಅವುಗಳ ಮೇಲೆ ಹಲಗೆಗಳು ಬಾಗಿಲಿನಿಂದ ಅಂಗಳದ ಕಡೆಗೆ ಮುಖಮಾಡಿ ಕೂರುತ್ತವೆ. ಒಂದು ಹಲಗೆಯ ಅಂಚಿನ ನಾಲಗೆ ಪಕ್ಕದ ಹಲಗೆಯ ತೋಡಿನೊಳಗೆ ಕೂರುವುದರಿಂದ ನೆಲದಲ್ಲಿ ಸಂದಿಯೇ ಇರುವುದಿಲ್ಲ. ಆದ್ದರಿಂದ ನೆಲಕ್ಕೆ ಅಂಗಳದ ಕಡೆಗೆ ಅಡಿಗೆ ಕಾಲಿಂಚಿನ ವಾಟ ಕೊಡುತ್ತಿದ್ದರು. ನೀರು ಹಲಗೆಯ ಉದ್ದಕ್ಕೇ ಹರಿದು ಹೊರಗೆ ಬೀಳುತ್ತಿತ್ತು. ಒಂದು ಜೋಡಣೆಯನ್ನೂ ಅಡ್ಡ ದಾಟುತ್ತಿರಲಿಲ್ಲ.

ಹಳೆಯ ಬಡಗಿಗಳ ಈ ಲೆಕ್ಕಾಚಾರ ನನಗೆ ಬಹಳ ಮೆಚ್ಚುಗೆಯಾದದ್ದು. ನಾಲಗೆ-ತೋಡಿನ ಹಲಗೆಯನ್ನು ಗೋಡೆಗೆ ಸಮಾನಾಂತರವಾಗಿ ಹಾಸಿದರೆ ಪ್ರತಿಯೊಂದು ಜೋಡಣೆಯೂ ಹರಿಯುವ ನೀರಿಗೆ ಅಡ್ಡಲಾಗಿ ಬಂದು, ಅಲ್ಲಿ ನೀರು ಇಂಗುತ್ತದೆ. ಹೀಗಾಗಿ ಹಲಗೆ ಆರಿಸುವ ಮೊದಲು ಪೋರ್ಚಿನ ಕೆಳಗೆ ಟಾರ್ಚು ಹಿಡಿದು ನುಗ್ಗಿ, ನಿಮ್ಮ ಜಂತೆಗಳು ಯಾವ ದಿಕ್ಕಿಗಿವೆ ಎಂಬುದನ್ನು ನೋಡಿಕೊಳ್ಳಬೇಕು. ಮುಂದಿನ ನಿರ್ಧಾರಗಳೆಲ್ಲ ಅದರ ಮೇಲೆಯೇ ನಿಂತಿವೆ.

ಯಾವ ಹಲಗೆ

ಕಾಂಪೋಸಿಟ್ ಎಂದರೆ ಮರದ ಪುಡಿ ಮತ್ತು ಪಾಲಿಎಥಿಲೀನ್ ಪ್ಲಾಸ್ಟಿಕ್ಕನ್ನು ಹೆಚ್ಚುಕಡಿಮೆ ಸಮಪಾಲಿನಲ್ಲಿ ಬೆರೆಸಿ ಅಚ್ಚಿನಿಂದ ಎಳೆದ ಹಲಗೆ. ವರ್ಜೀನಿಯಾದ ವಿಂಚೆಸ್ಟರಿನಲ್ಲಿ 1996ರಲ್ಲಿ ಸ್ಥಾಪನೆಯಾದ ಟ್ರೆಕ್ಸ್ ಕಂಪನಿ ಇದನ್ನು ಮನೆಮಾತಾಗಿಸಿತು. ಬಳಸಿ ಬಿಸಾಡಿದ ಪ್ಲಾಸ್ಟಿಕ್ ಚೀಲಗಳು ಮತ್ತು ಹೊದಿಕೆಗಳು ಅದಕ್ಕೆ ಕಚ್ಚಾಮಾಲಾದವು. ಮೊದಲ ಪೀಳಿಗೆಯ ಹಲಗೆಗಳಿಗೆ ಹೊರಕವಚ ಇರಲಿಲ್ಲ. ಮರದ ಪುಡಿ ಮೇಲ್ಮೈಯಲ್ಲೇ ಇದ್ದುದರಿಂದ ಅವು ತೇವ ಹೀರಿ, ಬೂಷ್ಟು ಹಿಡಿದು, ಬಣ್ಣಗೆಡುತ್ತಿದ್ದವು. 2010ರ ಸುಮಾರಿನಿಂದ ಪ್ಲಾಸ್ಟಿಕ್ ಕವಚ ಹೊದಿಸಿದ ಹಲಗೆಗಳೇ ರೂಢಿಗೆ ಬಂದಿವೆ. ಕೊಳ್ಳುವಾಗ ಕವಚ ಮೂರು ಮೈಗೋ ನಾಲ್ಕು ಮೈಗೋ ಎಂದು ಕೇಳಿ. ಮೂರು ಮೈಯ ಹಲಗೆಯ ತಳ ಬರಿದಾಗಿರುತ್ತದೆ. ಎತ್ತರದ ಡೆಕ್ಕಿಗೆ ಅದರಿಂದ ತೊಂದರೆಯಿಲ್ಲ. ಆದರೆ ಮುಂಜಗಲಿಯ ಕೆಳಗೆ ಮಣ್ಣಿನ ತೇವ ಮೇಲೇರುತ್ತಲೇ ಇರುತ್ತದೆ, ಗಾಳಿಯಾಟವೂ ಕಡಿಮೆ. ಅಲ್ಲಿಗೆ ನಾಲ್ಕೂ ಮೈ ಮುಚ್ಚಿದ ಹಲಗೆಯೇ ಸರಿ.

ಪೋರ್ಚಿಗೆಂದೇ ಮಾರುವ, ಸುಮಾರು 3 ಇಂಚು ಅಗಲದ ನಾಲಗೆ-ತೋಡಿನ ಹಲಗೆಗಳೂ ಇವೆ. ಅವನ್ನು ಅಂಗಡಿಯವರು ಕಾಂಪೋಸಿಟ್ ಸಾಲಿನಲ್ಲೇ ತೋರಿಸಿದರೂ ಅವುಗಳಲ್ಲಿ ಹೆಚ್ಚಿನವು ಮರದ ಅಂಶವೇ ಇಲ್ಲದ ಪಿವಿಸಿ ಪ್ಲಾಸ್ಟಿಕ್. ಹಳೆಯ ಮನೆಯ ಮುಖಕ್ಕೆ ಅವು ಚೆನ್ನಾಗಿ ಹೊಂದುತ್ತವೆ, ತೇವಕ್ಕೆ ಜಗ್ಗುವುದಿಲ್ಲ. ನಿಮ್ಮ ಜಂತೆಗಳು ಗೋಡೆಗೆ ಸಮಾನಾಂತರವಾಗಿದ್ದು, ಅಡಿಗೆ ಕಾಲಿಂಚಿನ ವಾಟವೂ ಇದ್ದರೆ ಅವು ಒಳ್ಳೆಯ ಆಯ್ಕೆ. ನಮ್ಮ ಪೋರ್ಚಿನ ಮಾಡು ಚಿಕ್ಕದು. ಗಾಳಿಮಳೆ ಮತ್ತು ಹಿಮ ಮೂರು ಅಡಿ ಒಳಗಿನವರೆಗೂ ಬರುತ್ತವೆ. ಆದ್ದರಿಂದ ನಾವು ಐದೂವರೆ ಇಂಚು ಅಗಲದ, ಅಂಚಿನಲ್ಲಿ ತೋಡು ಕೊರೆದ, ಸಂದಿಬಿಟ್ಟು ಹಾಸುವ ಕಾಂಪೋಸಿಟ್ ಹಲಗೆಯನ್ನು ಆರಿಸಿದೆವು. ದಿಕ್ಕು ಮಾತ್ರ ಹಳೆಯದೇ: ಬಾಗಿಲಿನಿಂದ ಅಂಗಳಕ್ಕೆ.

ಬಣ್ಣದ ವಿಷಯದಲ್ಲಿ ಒಂದೇ ಸಲಹೆ. ಗಾಢ ಕಂದು ಅಂಗಡಿಯಲ್ಲಿ ಸುಂದರವಾಗಿ ಕಾಣುತ್ತದೆ. ಆದರೆ ದಕ್ಷಿಣಕ್ಕೋ ಪಶ್ಚಿಮಕ್ಕೋ ಮುಖಮಾಡಿದ ಜಗಲಿಯಲ್ಲಿ ಬೇಸಿಗೆಯ ಮಧ್ಯಾಹ್ನ ಬರಿಗಾಲಿನಲ್ಲಿ ನಿಲ್ಲಲಾಗದಷ್ಟು ಕಾಯುತ್ತದೆ. ನಾವು ಚಪ್ಪಲಿ ಹೊರಗೆ ಬಿಟ್ಟು ಓಡಾಡುವವರು. ತಿಳಿ ಬೂದು ಅಥವಾ ಮರಳಿನ ಬಣ್ಣ ನಮಗೆ ಅನುಕೂಲ.

ಕೈಹಾಕುವ ಮೊದಲು

ಟೌನ್‌ಶಿಪ್ಪಿನ ಕಟ್ಟಡ ವಿಭಾಗದಲ್ಲಿ ಪರವಾನಗಿಯ ಬಗ್ಗೆ ಕೇಳಿ. ಬರಿಯ ಹಲಗೆ ಬದಲಾಯಿಸುವುದಕ್ಕೂ ಜಂತೆ-ತೊಲೆಗಳನ್ನು ಮುಟ್ಟುವುದಕ್ಕೂ ನಿಯಮ ಬೇರೆ ಬೇರೆಯಾಗಿರಬಹುದು. ಮನೆಮಾಲೀಕರ ಸಂಘವಿದ್ದರೆ ಅವರ ಒಪ್ಪಿಗೆಯೂ ಬೇಕು. ಮನೆ ಐತಿಹಾಸಿಕ ವಲಯದಲ್ಲಿದ್ದರೆ, ಬೀದಿಗೆ ಕಾಣುವ ಮುಂಭಾಗದಲ್ಲಿ ಮರವಲ್ಲದ ಸಾಮಗ್ರಿಯನ್ನು ಸ್ಥಳೀಯ ಸಮಿತಿ ಒಪ್ಪದಿರುವ ಸಾಧ್ಯತೆಯಿದೆ. ಹಲಗೆ ಕೊಂಡ ಮೇಲೆ ಇದನ್ನು ತಿಳಿಯುವುದು ದುಬಾರಿ.

ಇದಕ್ಕಿಂತ ಮುಖ್ಯವಾದದ್ದು ಹಳೆಯ ಬಣ್ಣ. ಅಮೆರಿಕದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕೂ ಹಿಂದಿನ ಮನೆಯಾದರೆ ಜಗಲಿಯ ಬಣ್ಣದ ಪದರಗಳಲ್ಲಿ ಸೀಸ ಇದೆಯೆಂದೇ ಭಾವಿಸಿ, ಪರೀಕ್ಷೆ ಮಾಡಿಸಿಯೇ ಮುಂದುವರಿಯಬೇಕು. ಸೀಸವಿರುವ ಹಲಗೆಯನ್ನು ಉಜ್ಜಬಾರದು, ಗರಗಸದಿಂದ ಕೊಯ್ಯಬಾರದು. ನೀರು ಚಿಮುಕಿಸಿ, ಆದಷ್ಟು ಇಡಿಯಾಗಿ ಮೀಟಿ ಎಬ್ಬಿಸಿ, ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಬೇಕು. ಪುಟ್ಟ ಮಕ್ಕಳಿರುವ ಮನೆಯಾದರೆ ಈ ಒಂದು ಹಂತವನ್ನು ಸೀಸದ ಕೆಲಸಕ್ಕೆ ಪ್ರಮಾಣಪತ್ರ ಪಡೆದವರಿಗೇ ಒಪ್ಪಿಸಿ. ಇದರಲ್ಲಿ ಹಣ ಉಳಿಸುವುದು ಬೇಡ.

ಹೊಸ ಕಂಬಕ್ಕಾಗಿ ಗುಂಡಿ ತೋಡುವುದಿದ್ದರೆ ಮೊದಲು 811ಕ್ಕೆ ಕರೆಮಾಡಿ. ನೆಲದೊಳಗಿನ ಗ್ಯಾಸ್ ಮತ್ತು ವಿದ್ಯುತ್ ಮಾರ್ಗಗಳನ್ನು ಬಂದು ಗುರುತಿಸಿಕೊಡುತ್ತಾರೆ.

ಜಂತೆಗಳನ್ನು ಸಿದ್ಧಪಡಿಸುವುದು

ಹಳೆಯ ಹಲಗೆ ಎಬ್ಬಿಸಿದ ಮೇಲೆ ಪ್ರತಿಯೊಂದು ಜಂತೆಯನ್ನೂ ದಬ್ಬಳದಿಂದ ಚುಚ್ಚಿ ನೋಡಿ. ಗೋಡೆಯ ಬದಿಯ ಮತ್ತು ತೀರ ಮುಂದಿನ ಜಂತೆಗಳಲ್ಲಿ, ಮೊಳೆಯ ತೂತುಗಳ ಸುತ್ತ, ಕಂಬದ ಬುಡದಲ್ಲಿ ವಿಶೇಷವಾಗಿ ಗಮನವಿಡಿ. ಕಾಲಿಂಚಿಗಿಂತ ಆಳಕ್ಕೆ ಸುಲಭವಾಗಿ ಇಳಿದರೆ ಆ ಜಂತೆಯನ್ನು ಬದಲಾಯಿಸಬೇಕು. ನಮ್ಮ ಮನೆಯಲ್ಲಿ ಮುಂದಿನ ಜಂತೆ ತುದಿಯಿಂದ ತುದಿಗೆ ಹೋಗಿತ್ತು. ಗೋಡೆಯ ಬದಿಯದ್ದು ಮಾತ್ರ ಆಶ್ಚರ್ಯವೆನ್ನುವಷ್ಟು ಗಟ್ಟಿಯಾಗಿತ್ತು.

ಕಾಂಪೋಸಿಟ್ ಹಲಗೆ ನೋಡಲು ದಪ್ಪ, ಹೊರಲು ಭಾರ, ಆದರೆ ಮರದಷ್ಟು ಬಿಗಿಯಲ್ಲ. 16 ಅಡಿಯ ಹಲಗೆಯ ಎರಡು ತುದಿಗಳನ್ನು ಇಬ್ಬರು ಎತ್ತಿದರೆ ನಡುಭಾಗ ತೊಟ್ಟಿಲಿನಂತೆ ಜೋತುಬೀಳುತ್ತದೆ. ಹೀಗಾಗಿ ಜಂತೆಗಳ ನಡುಗೆರೆಯಿಂದ ನಡುಗೆರೆಗೆ 16 ಇಂಚಿಗಿಂತ ಹೆಚ್ಚು ಅಂತರ ಇರಕೂಡದು. ಹಲಗೆಯನ್ನು ಓರೆಯಾಗಿ ಹಾಸುವುದಾದರೆ 12 ಇಂಚು. ಹಳೆಯ ಪೋರ್ಚುಗಳಲ್ಲಿ ಇದಕ್ಕಿಂತ ಹೆಚ್ಚಿನ ಅಂತರ ಸಾಮಾನ್ಯ. ನಮ್ಮಲ್ಲಿ 22 ಇಂಚಿಗಿಂತ ಸ್ವಲ್ಪ ಹೆಚ್ಚಿತ್ತು: ಏಳೂವರೆ ಅಡಿಯಲ್ಲಿ ನಾಲ್ಕೇ ಅಂಕಣ. ನಡುವಿನ ಮೂರು ಜಂತೆಗಳನ್ನು ತೆಗೆದು ಐದನ್ನು ಹಾಕಿದಾಗ 90 ಇಂಚಿಗೆ ಆರು ಅಂಕಣಗಳಾಗಿ, ಅಂತರ 15 ಇಂಚಿಗೆ ಬಂತು. ಮೂರು ತೊಲೆಗಳಿರುವುದರಿಂದ ಒಂದೊಂದು ಜಂತೆಯೂ 7 ಅಡಿಯನ್ನಷ್ಟೇ ದಾಟಬೇಕು. ಅದಕ್ಕೆ ಎರಡು-ಎಂಟರ (ಅಂಗಡಿಯಲ್ಲಿ 2×8 ಎಂದು ಕರೆಯುವ ಅಳತೆಯ) ಪೈನ್ ಧಾರಾಳವಾಗಿ ಸಾಕು.

ಹೊಸ ಜಂತೆಗಳಿಗೆ ಒತ್ತಡದಲ್ಲಿ ರಾಸಾಯನಿಕ ಉಣಿಸಿದ ಪೈನ್ ಮರವನ್ನೇ ಬಳಸಿ. ಕಾಂಪೋಸಿಟ್ಟಿನಿಂದ ಜಂತೆ, ತೊಲೆ, ಕಂಬ ಯಾವುದನ್ನೂ ಮಾಡುವಂತಿಲ್ಲ. 2003ರ ಕೊನೆಯವರೆಗೆ ಮನೆಬಳಕೆಯ ಮರಕ್ಕೆ ಆರ್ಸೆನಿಕ್ ಇರುವ ದ್ರಾವಣ ಉಣಿಸುತ್ತಿದ್ದರು. ಈಗ ಅದರ ಜಾಗದಲ್ಲಿ ತಾಮ್ರದ ಅಂಶ ಹೆಚ್ಚಿರುವ ದ್ರಾವಣಗಳಿವೆ. ಅವು ಸಾಧಾರಣ ಕಬ್ಬಿಣದ ಮೊಳೆಯನ್ನು ಬೇಗ ತಿಂದುಹಾಕುತ್ತವೆ. ಬಿಸಿ ಸತುವಿನಲ್ಲಿ ಅದ್ದಿದ ಅಥವಾ ಸ್ಟೇನ್‌ಲೆಸ್ ಮೊಳೆ, ಸ್ಕ್ರೂ, ಹ್ಯಾಂಗರುಗಳನ್ನೇ ಕೊಳ್ಳಬೇಕು. ಇದೇ ಕಾರಣಕ್ಕೆ ಗೋಡೆಯ ಬದಿಯಲ್ಲಿ ನೀರು ತಡೆಯುವ ತಗಡಾಗಿ ಬರಿಯ ಅಲ್ಯೂಮಿನಿಯಂ ಬೇಡ. ತಾಮ್ರ, ಸ್ಟೇನ್‌ಲೆಸ್ ಅಥವಾ ವಿನೈಲ್ ಲೇಪವಿರುವ ತಗಡನ್ನು ಗೋಡೆಯ ಹೊರಪದರದ ಹಿಂದಕ್ಕೆ ಸೇರಿಸಿ, ಜಂತೆಯ ತಲೆಯ ಮೇಲೆ ಮಡಿಸಿ ಮುಂದಕ್ಕೆ ಇಳಿಬಿಡಬೇಕು. ಗೋಡೆಯ ಬದಿಯ ಮರವನ್ನು ಮನೆಗೆ ಹಿಡಿಸಲು ಅರ್ಧ ಇಂಚಿನ ಬೋಲ್ಟ್ ಅಥವಾ ಅದಕ್ಕೆಂದೇ ತಯಾರಾದ ಸ್ಕ್ರೂ ಬೇಕು. ಬರಿಯ ಮೊಳೆ ಹೊಡೆದು ನಿಲ್ಲಿಸಿದ ಜಗಲಿ ಗೋಡೆಯಿಂದ ಕಳಚಿಕೊಳ್ಳುವ ಅಪಾಯವಿದೆ.

ವಾಟದ ಲೆಕ್ಕ ಹೀಗೆ. ನಾಲಗೆ-ತೋಡಿನ ಹಲಗೆಯಾದರೆ ಅಡಿಗೆ ಕಾಲಿಂಚು; ಏಳೂವರೆ ಅಡಿಗೆ ಸುಮಾರು 1 7/8 ಇಂಚು ಇಳಿತ. ಸಂದಿಬಿಡುವ ಹಲಗೆಗೆ ವಾಟ ಕಡ್ಡಾಯವಲ್ಲ, ಆದರೂ ಅಡಿಗೆ 1/8 ಇಂಚು ಕೊಡುವುದು ಒಳ್ಳೆಯದು: ಒಟ್ಟು ಸುಮಾರು ಒಂದು ಇಂಚು. ತೊಲೆಗಳ ಇಳಿತವನ್ನು ನೀರಿನ ಕೊಳವೆಯಿಂದಲೋ ಉದ್ದನೆಯ ರಸಮಟ್ಟದಿಂದಲೋ ನೋಡಿಕೊಂಡು, ಗೋಡೆಯಿಂದ ಮುಂದಿನವರೆಗೆ ದಾರ ಬಿಗಿದು, ಪ್ರತಿಯೊಂದು ಜಂತೆಯ ತಲೆಯೂ ದಾರಕ್ಕೆ ಸರಿಯಾಗಿ ಮುಟ್ಟುವಂತೆ ಮಾಡಿ. 1/8 ಇಂಚು ಮೇಲೆದ್ದ ಜಂತೆಯನ್ನು ಕೀಸುಳಿಯಿಂದ ಸವರಿ. ಕೆಳಗಿಳಿದಿದ್ದರೆ ಪಕ್ಕಕ್ಕೆ ಹೊಸ ಮರ ಜೋಡಿಸಿ ಎತ್ತರಿಸಿ. ಕಾಂಪೋಸಿಟ್ ಹಲಗೆ ಕೆಳಗಿನ ಉಬ್ಬುತಗ್ಗನ್ನು ಮುಚ್ಚಿಡುವುದಿಲ್ಲ. ಇದ್ದುದನ್ನು ಇದ್ದಂತೆ ಮೇಲೆ ತೋರಿಸುತ್ತದೆ, ಸಂಜೆಯ ಓರೆಬಿಸಿಲಿನಲ್ಲಿ ಇನ್ನಷ್ಟು.

ಕೊನೆಗೆ ಪ್ರತಿಯೊಂದು ಜಂತೆ ಮತ್ತು ತೊಲೆಯ ತಲೆಗೆ ಬ್ಯುಟೈಲ್ ಅಂಟುಪಟ್ಟಿ ಹಚ್ಚಿ. ಸ್ಕ್ರೂ ಇಳಿದಾಗ ಈ ಪಟ್ಟಿ ಅದರ ಸುತ್ತ ಬಿಗಿದುಕೊಂಡು ನೀರು ಮರದೊಳಗೆ ಇಳಿಯದಂತೆ ತಡೆಯುತ್ತದೆ. ಇಡೀ ಜಗಲಿಗೆ ಕೆಲವೇ ಸುರುಳಿಗಳು ಬೇಕು. ಬಾಳಿಕೆಯ ದೃಷ್ಟಿಯಿಂದ ಇದಕ್ಕಿಂತ ಲಾಭದ ಖರ್ಚನ್ನು ನಾನು ಈ ಕೆಲಸದಲ್ಲಿ ಕಾಣಲಿಲ್ಲ.

ಕೆಳಗಿನ ಗಾಳಿಯನ್ನು ಮರೆಯಬಾರದು. ಜಂತೆಯ ತಳದಿಂದ ನೆಲಕ್ಕೆ ಒಂದಡಿಯಾದರೂ ತೆರಪಿದ್ದು, ಮುಂದೆ ಮತ್ತು ಪಕ್ಕಗಳಲ್ಲಿ ಜಾಲರಿ ಇದ್ದರೆ ಒಳ್ಳೆಯದು. ಚೆಂದಕ್ಕೆಂದು ಸುತ್ತಲೂ ಮುಚ್ಚಿದ ಹಲಗೆ ಹೊಡೆದರೆ ಒಳಗಿನ ತೇವ ಹೋಗಲು ದಾರಿಯಿಲ್ಲದೆ ಹೊಸ ಹಲಗೆಯೂ ಸೊಟ್ಟಗಾದೀತು.

ಕಂಬ ನಿಂತಿರುವುದು ಯಾವುದರ ಮೇಲೆ

ಡೆಕ್ಕಿನ ಕೆಲಸ ಮಾಡಿ ಬಂದವರು ಪೋರ್ಚಿನಲ್ಲಿ ಎಡವುವುದು ಇಲ್ಲಿಯೇ. ಮುಂಜಗಲಿಯ ಕಂಬಗಳು ಮಾಡನ್ನು ಹೊತ್ತಿವೆ. ಹಳೆಯ ಮನೆಗಳಲ್ಲಿ ಅವು ಅನೇಕ ವೇಳೆ ನೆಲದ ಹಲಗೆಯ ಮೇಲೆಯೇ ನಿಂತಿರುತ್ತವೆ. ಫರ್ ಮರ ಆ ಭಾರವನ್ನು ಕೆಳಗಿನ ತೊಲೆಗೆ ದಾಟಿಸುತ್ತಿತ್ತು. ಪ್ಲಾಸ್ಟಿಕ್ ಅಂಶವಿರುವ ಹಲಗೆಯಾದರೋ ಸತತ ಭಾರದ ಕೆಳಗೆ ವರ್ಷಗಟ್ಟಲೆ ನಿಧಾನವಾಗಿ ಕುಸಿಯುತ್ತ ಹೋಗುತ್ತದೆ. ಬಿಸಿಲಿನಲ್ಲಿ ಇನ್ನೂ ಬೇಗ. ಭಾರ ಹೊರುವ ಕಂಬವನ್ನು ಕಾಂಪೋಸಿಟ್ ಹಲಗೆಯ ಮೇಲೆ ಎಂದೂ ನಿಲ್ಲಿಸಬಾರದು.

ಕಂಬದ ಬುಡ ಗಟ್ಟಿಯಾಗಿದ್ದು ಅದು ತೊಲೆಯ ಮೇಲೆಯೇ ನೇರವಾಗಿ ಕೂತಿದ್ದರೆ, ಹಲಗೆಯನ್ನು ಅದರ ಸುತ್ತ ಕಾಲಿಂಚು ತೆರಪು ಬಿಟ್ಟು ಕತ್ತರಿಸಿ ಕೂರಿಸಿದರೆ ಸಾಕು; ತೆರಪನ್ನು ಪಟ್ಟಿಯಿಂದ ಮುಚ್ಚಬಹುದು. ಕಂಬ ಹಳೆಯ ಹಲಗೆಯ ಮೇಲಿದ್ದರೆ, ಮಾಡಿಗೆ ತಾತ್ಕಾಲಿಕ ಆಸರೆ ಕೊಟ್ಟು, ಜ್ಯಾಕಿನಿಂದ ಕೂದಲೆಳೆಯಷ್ಟು ಎತ್ತಿ, ಕೊಳೆತ ತುಂಡನ್ನು ತೆಗೆದು, ತೊಲೆಯ ಮೇಲೆ ರಾಸಾಯನಿಕ ಉಣಿಸಿದ ಗಟ್ಟಿ ಮರದ ದಿಮ್ಮಿಯಿಟ್ಟು ಕಂಬವನ್ನು ಅದರ ಮೇಲೆ ಇಳಿಸಬೇಕು. ಈ ಒಂದು ಭಾಗವನ್ನು ನಾನು ಅನುಭವಿ ಬಡಗಿಯ ಕೈಗೆ ಕೊಟ್ಟೆ. ನಿಮಗೂ ಅದನ್ನೇ ಹೇಳುತ್ತೇನೆ.

ಎಷ್ಟು ಹಲಗೆ

ಹಲಗೆಯ ಅಗಲ 5 1/2 ಇಂಚು, ಸಂದಿ 3/16 ಇಂಚು. 14 ಅಡಿಯೆಂದರೆ 168 ಇಂಚು. ಎರಡೂ ಪಕ್ಕಗಳಲ್ಲಿ ಒಂದೊಂದು ಇಂಚು ಹೊರಚಾಚು ಸೇರಿ 170. ಮೂವತ್ತು ಹಲಗೆ ಮತ್ತು ಅವುಗಳ ನಡುವಿನ ಇಪ್ಪತ್ತೊಂಬತ್ತು ಸಂದಿಗಳು ಸೇರಿದರೆ 170 7/16 ಇಂಚು. ಕೊನೆಯ ಹಲಗೆಯಿಂದ ಅರ್ಧ ಇಂಚಿಗೂ ಕಡಿಮೆ ಸವರಿದರೆ ಸಾಕಾಯಿತು. ಎಲ್ಲರಿಗೂ ಹೀಗೆ ಕೂಡಿಬರುವುದಿಲ್ಲ. ಕಾಗದದ ಮೇಲೆ ಲೆಕ್ಕ ಹಾಕಿದಾಗ ಕೊನೆಗೆ ಎರಡು ಇಂಚಿನ ಸೀಳು ಉಳಿಯುವಂತಿದ್ದರೆ, ಮೊದಲ ಮತ್ತು ಕೊನೆಯ ಹಲಗೆಗಳೆರಡನ್ನೂ ಸಮನಾಗಿ ಸೀಳಿ ಹಂಚಿಕೊಳ್ಳಿ.

ಮುಂದಿನ ಅಂಚಿಗೆ ಒಂದು ಅಡ್ಡಹಲಗೆ ಹಾಕುವುದು ಉತ್ತಮ. ಇಲ್ಲದಿದ್ದರೆ ಕತ್ತರಿಸಿದ ಮೂವತ್ತು ತುದಿಗಳ ಒಳತಿರುಳು ಬೀದಿಗೆ ಮುಖಮಾಡಿ ನಿಲ್ಲುತ್ತದೆ. ಕವಚವಿಲ್ಲದ ಆ ತುದಿಗಳ ಬಣ್ಣವೇ ಬೇರೆ. ಅಡ್ಡಹಲಗೆ ಹಾಕಿದ್ದರಿಂದ ನಮ್ಮ ಉದ್ದ ಹಲಗೆಗಳು 85 ಇಂಚಿಗೆ ಇಳಿದವು. 16 ಅಡಿಯ ಒಂದು ಹಲಗೆಯಲ್ಲಿ ಎರಡು ಸಲೀಸಾಗಿ ಬರುತ್ತವೆ. ಹದಿನೈದು, ಅಡ್ಡಹಲಗೆಗೆ ಒಂದು, ಹಾಳಾಗುವುದಕ್ಕೆಂದು ನೂರಕ್ಕೆ ಹತ್ತರಂತೆ ಎರಡು: ಒಟ್ಟು ಹದಿನೆಂಟು. ಮೆಟ್ಟಿಲಿನದು ಬೇರೆ. ಎಲ್ಲವನ್ನೂ ಒಂದೇ ಸಲ ತರಿಸಿ, ಮಟ್ಟವಾದ ಜಾಗದಲ್ಲಿ ಅಡ್ಡಪಟ್ಟಿಗಳ ಮೇಲೆ ಮಲಗಿಸಿಡಿ, ಬೇರೆ ಬೇರೆ ಕಟ್ಟುಗಳ ಹಲಗೆಗಳನ್ನು ಬೆರೆಸಿ ಹಾಸಿ. ಒಂದೇ ಹೆಸರಿನ ಬಣ್ಣದಲ್ಲೂ ಕಟ್ಟಿನಿಂದ ಕಟ್ಟಿಗೆ ಛಾಯೆ ಬದಲಾಗುತ್ತದೆ.

ಹಾಸುವುದು

ಕಾರ್ಬೈಡ್ ಹಲ್ಲಿನ ಅಲಗಿರುವ ವೃತ್ತಾಕಾರದ ಗರಗಸ, ಕಂಬದ ಸುತ್ತ ಕತ್ತರಿಸಲು ಜಿಗ್‌ಸಾ, ಡ್ರಿಲ್, ಮೂಲೆಮಟ್ಟ, ದಾರ ಇಷ್ಟಿದ್ದರೆ ಸಾಕು. ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ಕಡ್ಡಾಯ. ದಾರ ಹೊಡೆದು ಗೆರೆ ಹಾಕುವಾಗ ನೀಲಿ ಅಥವಾ ಕೆಂಪು ಪುಡಿಯನ್ನು ಮುಟ್ಟಬೇಡಿ. ಮರದ ಕೆಲಸದ ಅಭ್ಯಾಸದಲ್ಲಿ ನಾನು ನೀಲಿ ಪುಡಿಯಿಂದಲೇ ಎರಡನೆಯ ಹಲಗೆಗೆ ಗೆರೆ ಹೊಡೆದೆ. ಸೋಪು, ಬ್ರಷ್ಷು, ಎರಡು ಚಳಿಗಾಲಗಳ ಹಿಮ ಯಾವುದರಿಂದಲೂ ಅದು ಪೂರ್ತಿ ಹೋಗಿಲ್ಲ. ಇಂದಿಗೂ ಬಾಗಿಲ ಎಡಕ್ಕೆ ಕೂತು ನೋಡಿದರೆ ದಾರದ ಎಳೆಯ ಹೆಣಿಗೆಯೂ ಕಾಣುತ್ತದೆ. ಮಕ್ಕಳಿಗೆ ಹಚ್ಚುವ ಬಿಳಿ ಪೌಡರನ್ನು ದಾರಕ್ಕೆ ಸವರಿ ಗೆರೆ ಹಾಕಿ, ಒರೆಸಿದರೆ ಹೋಗುತ್ತದೆ.

ಹಾಸುವ ಮೊದಲು ಚೌಕಟ್ಟಿನ ಮೂಲೆಯನ್ನು ಮೂರು-ನಾಲ್ಕು-ಐದರ ಲೆಕ್ಕದಲ್ಲಿ ಪರೀಕ್ಷಿಸಿ: ಮೂಲೆಯಿಂದ ಒಂದು ಬದಿಗೆ ಮೂರಡಿ, ಇನ್ನೊಂದು ಬದಿಗೆ ನಾಲ್ಕಡಿ ಗುರುತಿಸಿ, ಆ ಎರಡರ ನಡುವೆ ಐದಡಿ ಬಂದರೆ ಮೂಲೆ ಸರಿಯಿದೆ. ನೂರು ವರ್ಷದ ಮನೆಯ ಗೋಡೆ ಮೂಲೆಮಟ್ಟಕ್ಕೆ ಕೂಡುವುದು ಅಪರೂಪ. ಹೀಗಾಗಿ ಗೋಡೆಯನ್ನಲ್ಲ, ಮುಂದಿನ ಅಂಚನ್ನು ಆಧಾರವಾಗಿಟ್ಟುಕೊಳ್ಳಿ. ಬೀದಿಗೆ ಕಾಣುವುದು ಅದೇ.

ಮುಂದಿನ ಅಡ್ಡಹಲಗೆಯಿಂದ ಆರಂಭಿಸಿ. ಅದರ ಹಿಂದಿನ ಅಂಚಿಗೂ ಉದ್ದ ಹಲಗೆಗಳ ತುದಿಗೂ ಪ್ರತ್ಯೇಕ ಆಸರೆ ಬೇಕಾದ್ದರಿಂದ, ಆ ಜಾಗದಲ್ಲಿ ಎರಡು ಜಂತೆಗಳನ್ನು ಜೊತೆಗೂಡಿಸಿ ಮೊದಲೇ ನಿಲ್ಲಿಸಿರಬೇಕು. ಅಡ್ಡಹಲಗೆಯನ್ನು ಮೇಲಿನಿಂದಲೇ ಸ್ಕ್ರೂ ಹಾಕಿ ಹಿಡಿಸಿ, ತಲೆಗಳ ಮೇಲೆ ಅದೇ ಸಾಮಗ್ರಿಯ ಬಿರಡೆಗಳನ್ನು ಬಡಿದರೆ ಸ್ಕ್ರೂ ಕಾಣುವುದಿಲ್ಲ. ಕಾಂಪೋಸಿಟ್ಟಿಗೆಂದೇ ಮಾಡಿದ ಸ್ಕ್ರೂಗಳನ್ನು ಬಳಸಿ. ಸಾಧಾರಣ ಸ್ಕ್ರೂ ಇಳಿದಾಗ ಹಲಗೆಯ ಮೈ ಅದರ ಸುತ್ತ ಅಣಬೆಯಂತೆ ಉಬ್ಬುತ್ತದೆ. ತುದಿಯ ಸಮೀಪ ಮೊದಲು ಸಣ್ಣ ತೂತು ಕೊರೆದೇ ಸ್ಕ್ರೂ ಇಳಿಸಬೇಕು.

ಉದ್ದ ಹಲಗೆಗಳಲ್ಲಿ ಎರಡು ಪಕ್ಕಗಳ ಕೊನೆಯವು ತೋಡಿಲ್ಲದ ನೇರ ಅಂಚಿನವಾಗಿರಲಿ. ಅವನ್ನೂ ಮೇಲಿನಿಂದಲೇ ಹಿಡಿಸಿ. ಉಳಿದವಕ್ಕೆ ತೋಡಿನಲ್ಲಿ ಕೂರುವ ಕ್ಲಿಪ್‌ಗಳು: ಪ್ರತಿ ಹಲಗೆಗೆ ಪ್ರತಿ ಜಂತೆಯ ಮೇಲೆ ಒಂದು. ಕ್ಲಿಪ್ಪನ್ನು ಅರ್ಧ ಬಿಗಿದು, ಮುಂದಿನ ಹಲಗೆಯನ್ನು ತಳ್ಳಿ ಕೂರಿಸಿ, ಆಮೇಲೆ ಪೂರ್ತಿ ಬಿಗಿಯಿರಿ. ಪಕ್ಕದ ಸಂದಿಯನ್ನು ಕ್ಲಿಪ್ಪೇ ನಿಗದಿಮಾಡುತ್ತದೆ. ಐದು ಹಲಗೆಗೊಮ್ಮೆ ನಿಂತು, ಉಳಿದ ಅಗಲವನ್ನು ಗೋಡೆಯ ಬದಿ ಮತ್ತು ಮುಂದಿನ ಬದಿ ಎರಡೂ ಕಡೆ ಅಳೆಯಿರಿ. 1/8 ಇಂಚು ವ್ಯತ್ಯಾಸ ಕಂಡರೆ ಅಲ್ಲಿಯೇ ತಿದ್ದಿಕೊಳ್ಳಬಹುದು. ಇಪ್ಪತ್ತೈದನೆಯ ಹಲಗೆಯಲ್ಲಿ ಕಂಡರೆ ತಿದ್ದಲು ಜಾಗವಿರುವುದಿಲ್ಲ.

ತುದಿಯ ಸಂದಿಯ ವಿಷಯವನ್ನು ಸ್ವಲ್ಪ ವಿವರಿಸಬೇಕು. ಮರ ತೇವ ಹೀರಿ ಅಗಲಕ್ಕೆ ಹಿಗ್ಗುತ್ತದೆ. ಕಾಂಪೋಸಿಟ್ ಬಿಸಿಗೆ ಉದ್ದಕ್ಕೆ ಹಿಗ್ಗುತ್ತದೆ. ಜನವರಿಯ ನಸುಕಿಗೂ ಜುಲೈನ ಮಧ್ಯಾಹ್ನದ ಬಿಸಿಲಿಗೂ 16 ಅಡಿಯ ಹಲಗೆ ಕಾಲಿಂಚಿನಿಂದ ಅರ್ಧ ಇಂಚಿನವರೆಗೆ ಉದ್ದದಲ್ಲಿ ಬದಲಾಗಬಲ್ಲದು. ಬಾಗಿಲಿನಿಂದ ಅಂಗಳಕ್ಕೆ ಹಾಸಿದ ನಮ್ಮ ಹಲಗೆಗಳು ಅದರ ಅರ್ಧದಷ್ಟೂ ಇಲ್ಲ, ಹಿಗ್ಗುವಿಕೆಯೂ ಅರ್ಧಕ್ಕಿಂತ ಕಡಿಮೆ. ಹಳೆಯ ದಿಕ್ಕನ್ನೇ ಉಳಿಸಿಕೊಂಡದ್ದರ ಇನ್ನೊಂದು ಲಾಭ ಇದು. ಗೋಡೆಯ ಬದಿ ಕಾಲಿಂಚು, ಅಡ್ಡಹಲಗೆಯ ಬದಿ ಕಾಲಿಂಚಿನಷ್ಟು ತೆರಪು ಬಿಟ್ಟೆವು. ಚಳಿಯಲ್ಲಿ ಹಾಸುವವರು ಹೆಚ್ಚು ತೆರಪು ಬಿಡಬೇಕು, ಸುಡುಬಿಸಿಲಿನಲ್ಲಿ ಹಾಸುವವರು ಕಡಿಮೆ. ಹಲಗೆಯ ಜೊತೆಗೆ ಬರುವ ತಯಾರಕರ ಕೋಷ್ಟಕವನ್ನು ಅಂದಿನ ಹವೆಗೆ ತಾಳೆನೋಡಿಯೇ ಗರಗಸ ಹಿಡಿಯಿರಿ. ಕೈಯಿಂದ ತಟ್ಟಿ ಬಿಗಿಯಾಗಿ ಕೂರಿಸಿದ ಹಲಗೆ ಮೊದಲ ಬೇಸಿಗೆಯಲ್ಲೇ ಗೋಡೆಗೆ ಒತ್ತಿ ಕಮಾನಿನಂತೆ ಏಳುತ್ತದೆ.

ನಾಲಗೆ-ತೋಡಿನ ಹಲಗೆಯಾದರೆ ಸ್ಕ್ರೂವನ್ನು ನಾಲಗೆಯ ಬುಡದಲ್ಲಿ ಓರೆಯಾಗಿ ಇಳಿಸಿ, ಮುಂದಿನ ಹಲಗೆಯ ತೋಡಿನಿಂದ ಅದನ್ನು ಮುಚ್ಚಬೇಕು. ಉಳಿದ ಕ್ರಮ ಒಂದೇ.

ಹೊಸ್ತಿಲು, ಮೆಟ್ಟಿಲು

ಹಳೆಯ ಹಲಗೆ ಮುಕ್ಕಾಲು ಇಂಚಿನಷ್ಟಿದ್ದರೆ ಹೊಸದು ಒಂದು ಇಂಚಿಗೆ ತುಸು ಕಡಿಮೆ. ಈ ಸಣ್ಣ ಏರಿಕೆಯಿಂದ ಹೊರಬಾಗಿಲು ನೆಲಕ್ಕೆ ಉಜ್ಜುವುದಿಲ್ಲವೇ ಎಂದು ಮೊದಲೇ ನೋಡಿ. ಮೆಟ್ಟಿಲಿಗೂ ಇದು ಮುಖ್ಯ: ಒಂದೇ ಸಾಲಿನ ಮೆಟ್ಟಿಲುಗಳ ಎತ್ತರದಲ್ಲಿ 3/8 ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರುವಂತಿಲ್ಲ, ಯಾವ ಮೆಟ್ಟಿಲೂ 7 3/4 ಇಂಚು ಮೀರುವಂತಿಲ್ಲ. ನಾಲ್ಕು ಅಥವಾ ಹೆಚ್ಚು ಏರುಗಳಿದ್ದರೆ ಹಿಡಿದು ಹತ್ತಲು ಕೈಗಂಬಿ ಕಡ್ಡಾಯ. ಜಗಲಿ ನೆಲದಿಂದ 30 ಇಂಚಿಗಿಂತ ಎತ್ತರವಿದ್ದರೆ 36 ಇಂಚಿನ ಕಟಾಂಜನವೂ ಕಡ್ಡಾಯ, ಅದರ ಸರಳುಗಳ ನಡುವೆ 4 ಇಂಚಿನ ಚೆಂಡು ತೂರಬಾರದು. ಇವು ಅಮೆರಿಕದ ವಸತಿ ಕಟ್ಟಡ ಸಂಹಿತೆಯ ಸಾಮಾನ್ಯ ಅಳತೆಗಳು. ನಿಮ್ಮ ಊರಿನವರು ಇದಕ್ಕಿಂತ ಬಿಗಿಯಾದ ನಿಯಮ ಇಟ್ಟಿದ್ದರೆ ಅದೇ ಅಂತಿಮ. ಮೆಟ್ಟಿಲಿನ ಹಲಗೆಯ ಕೆಳಗಿನ ಆಸರೆಗಳು ಜಗಲಿಯದಕ್ಕಿಂತ ಹತ್ತಿರವಿರಲಿ, 12 ಇಂಚು ಮೀರದಂತೆ. ಹೆಜ್ಜೆ ರಪ್ಪನೆ ಬೀಳುವ ಜಾಗ ಅದು.

ಸಿಮೆಂಟಿನ ಜಗಲಿ ಇರುವವರು ಹಲಗೆಯನ್ನು ನೇರವಾಗಿ ಅದಕ್ಕೆ ಅಂಟಿಸಬಾರದು, ತಿರುಪಿ ಕೂರಿಸಲೂಬಾರದು. ಕೆಳಗೆ ನಿಂತ ನೀರಿಗೆ ಹೋಗಲು ದಾರಿಯಿರುವುದಿಲ್ಲ. ನೀರು ಹರಿಯುವ ದಿಕ್ಕಿಗೇ ಅಡಿಪಟ್ಟಿಗಳನ್ನು ಇಟ್ಟು ಅದರ ಮೇಲೆ ಹಾಸಬೇಕು, ಅದೂ ತಯಾರಕರು ಒಪ್ಪುವಷ್ಟು ತೆರಪು ಸಿಕ್ಕರೆ. ಬೆಂಗಳೂರಿನಲ್ಲಿ ಡಬ್ಲ್ಯೂಪಿಸಿ ಎಂಬ ಹೆಸರಿನಲ್ಲಿ ಸಿಗುವ ಡೆಕ್ ಹಲಗೆಗಳೂ ಇದೇ ಜಾತಿಯವು. ಅಲ್ಲಿ ಬಹುತೇಕ ಜಗಲಿಗಳು ಸಿಮೆಂಟಿನವಾದ್ದರಿಂದ ಈ ಮಾತು ಅಲ್ಲಿಯ ಓದುಗರಿಗೆ ಹೆಚ್ಚು ಅನ್ವಯಿಸುತ್ತದೆ.

ರಂಗೋಲಿ, ದೀಪ, ಹಿಮ

ಈ ನೆಲದ ಮೇಲೆ ನಮ್ಮ ಮನೆಗಳಲ್ಲಿ ನಡೆಯುವುದನ್ನು ತಯಾರಕರ ಕೈಪಿಡಿ ಬರೆದವರು ಯೋಚಿಸಿರುವುದಿಲ್ಲ. ಬಿಳಿ ರಂಗೋಲಿ ಪುಡಿಯಿಂದ ತೊಂದರೆಯಿಲ್ಲ. ಸಂದಿಯೊಳಗೆ ಬಿದ್ದದ್ದನ್ನು ನೀರು ತೊಳೆಯುತ್ತದೆ. ಬಣ್ಣದ ಪುಡಿ, ಅರಿಶಿನ, ಕುಂಕುಮ ಮಾತ್ರ ಹಲಗೆಯ ಮೇಲಿನ ಮರದೆಳೆಯಂಥ ಗೀರುಗಳಲ್ಲಿ ಕೂತು, ತೇವ ತಾಗಿದರೆ ಕಲೆಯಾಗುತ್ತದೆ. ಹೊಸ್ತಿಲ ಮುಂದೆ ಎರಡಡಿಯ ಗ್ರಾನೈಟ್ ಫಲಕವೊಂದನ್ನು ಇಟ್ಟುಕೊಂಡು ಅದರ ಮೇಲೆ ರಂಗೋಲಿ ಹಾಕುವುದು ನಾವು ಕಂಡುಕೊಂಡ ದಾರಿ. ಕುಂಕುಮ ತುಂಬಿದ ಬೂದುಗುಂಬಳವನ್ನು ಅಂಗಳದ ಕಲ್ಲಿನ ಮೇಲೆ ಒಡೆಯಿರಿ.

ದೀಪಾವಳಿಯ ಹಣತೆಯನ್ನು ಬರಿಯ ಹಲಗೆಯ ಮೇಲೆ ಇಡಲೇಬೇಡಿ. ಪಾಲಿಎಥಿಲೀನ್ ಸುಮಾರು 110ರಿಂದ 130 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ. ಹಣತೆಯ ತಳ ಕಾದು, ಎಣ್ಣೆ ಹೊರಚೆಲ್ಲಿ ಬತ್ತಿ ಅಂಚಿಗೆ ಜಾರಿದರೆ ಹಲಗೆ ಗುಳಿಬೀಳುತ್ತದೆ, ಬೆಂಕಿಯ ಅಪಾಯವೂ ಇದೆ. ದೀಪದ ಕೆಳಗೆ ಹಿತ್ತಾಳೆಯ ತಟ್ಟೆಯೋ ಟೈಲೋ ಇರಲಿ. ರಬ್ಬರ್ ತಳದ ಕಾಲೊರಸು ವರ್ಷದೊಳಗೆ ತನ್ನ ಆಕಾರದ ಕಲೆಯನ್ನು ಬಿಟ್ಟುಹೋಗುತ್ತದೆ. ನೇಯ್ದ ಚಾಪೆ ಹಾಸಿ. ಎದುರು ಮನೆಯವರ ಅಥವಾ ನಿಮ್ಮದೇ ಮನೆಯ ಶಾಖ ತಡೆಯುವ ಲೇಪದ ಕಿಟಕಿಗಾಜು ಬಿಸಿಲನ್ನು ಒಂದೇ ಕಡೆಗೆ ಪ್ರತಿಫಲಿಸಿದರೆ, ಆ ಜಾಗದ ಹಲಗೆ ಸೊಟ್ಟಗಾಗುವಷ್ಟು ಕಾಯಬಹುದು. ಅಂಥ ಬೆಳಕಿನ ಪಟ್ಟೆ ಕಂಡರೆ ಕಿಟಕಿಗೆ ಹೊರಗಿನಿಂದ ಜಾಲರಿ ಹಾಕಿಸಿ.

ಹಿಮವನ್ನು ಪ್ಲಾಸ್ಟಿಕ್ ಸಲಿಕೆಯಿಂದ ಹಲಗೆಯ ಉದ್ದಕ್ಕೇ ತಳ್ಳಿ; ಲೋಹದ ಸಲಿಕೆ ಕವಚವನ್ನು ಗೀರುತ್ತದೆ. ಮಂಜುಗಡ್ಡೆ ಕರಗಿಸಲು ಉಪ್ಪು ಹಾಕಿದರೆ ವಸಂತದಲ್ಲಿ ಚೆನ್ನಾಗಿ ತೊಳೆಯಿರಿ. ಏಪ್ರಿಲ್-ಮೇ ತಿಂಗಳುಗಳಲ್ಲಿ ಹಳದಿ ಪರಾಗ ಪದರವಾಗಿ ಕೂರುತ್ತದೆ. ಬೂಷ್ಟು ಬೆಳೆಯುವುದು ಹಲಗೆಯನ್ನು ತಿಂದಲ್ಲ, ಈ ಪರಾಗವನ್ನು ತಿಂದು. ಸೋಪುನೀರು ಮತ್ತು ಮೃದುವಾದ ಬ್ರಷ್ಷಿನಿಂದ ಆಗಲೇ ಉಜ್ಜಿದರೆ ವರ್ಷದ ಉಪಚಾರ ಅಲ್ಲಿಗೆ ಮುಗಿಯುತ್ತದೆ. ಅದೇ ದಿನ ಟಾರ್ಚು ಹಿಡಿದು ಜಾಲರಿಯ ಒಳಗೆ ಇಣುಕಿ, ಗೋಡೆಯ ಬದಿಯ ಜಂತೆಯ ಮೇಲೆ ನೀರಿನ ಗುರುತು ಇದೆಯೇ ಎಂದು ನೋಡಿಕೊಳ್ಳಿ. ಮಿಕ್ಕ ಎರಡು ಹಲಗೆಗಳನ್ನು ಗ್ಯಾರೇಜಿನಲ್ಲಿ ನೆಲಕ್ಕೆ ಮಟ್ಟವಾಗಿ ಮಲಗಿಸಿಡಿ, ಗೋಡೆಗೆ ಆನಿಸಿ ನಿಲ್ಲಿಸಬೇಡಿ. ನಿಲ್ಲಿಸಿದ ಹಲಗೆ ಬಾಗಿಬಿಡುತ್ತದೆ, ಬೇಕಾದಾಗ ಕೂರುವುದಿಲ್ಲ.